ಸೂಜಿಯ ಟೊಳ್ಳಿನಲ್ಲಿ ಉಳಿದ ಹನಿ

ಟಾಕೀಸಿನ ಕುರ್ಚಿಯಲ್ಲಿ ಯಾರೋ ಸೂಜಿ ಸಿಗಿಸಿಟ್ಟಿದ್ದರಂತೆ, ಕೂತವರಿಗೆ ಚುಚ್ಚಿತಂತೆ, ಪಕ್ಕದಲ್ಲಿದ್ದ ಚೀಟಿಯಲ್ಲಿ ‘ಏಡ್ಸ್ ಲೋಕಕ್ಕೆ ಸ್ವಾಗತ’ ಎಂದು ಬರೆದಿತ್ತಂತೆ. ತೊಂಬತ್ತರ ದಶಕದ ಕೊನೆಗೆ ಹರೆಯದಲ್ಲಿದ್ದವರಲ್ಲಿ ಈ ಕಥೆ ಕೇಳದವರು ಕಡಿಮೆ. ಊರು ಬದಲಾಗುತ್ತಿತ್ತು, ಟಾಕೀಸಿನ ಹೆಸರು ಬದಲಾಗುತ್ತಿತ್ತು, ಚೀಟಿಯ ಒಕ್ಕಣೆ ಮಾತ್ರ ಹಾಗೇ ಇರುತ್ತಿತ್ತು. ಈಗ ಅದೇ ಕಥೆ ಮೊಬೈಲಿಗೆ ಬಂದಿದೆ. ಟಾಕೀಸಿನ ಜಾಗದಲ್ಲಿ ಸಾರ್ವಜನಿಕ ಶೌಚಾಲಯ ಕೂತಿದೆ. ನಶೆಯವರು ಸೂಜಿ ಒರೆಸಿದ ಕಾಗದದ ಸುರುಳಿ, ಮಾದಕ ಪುಡಿ ಸವರಿದ ಬಾಗಿಲ ಹಿಡಿಕೆ, ಏನೋ ಬೆರೆಸಿಟ್ಟ ಕೈತೊಳೆಯುವ ಸೋಪು, ಹೀಗೆ ಸಂದೇಶಗಳು ಒಂದರ ಹಿಂದೆ ಒಂದು ಹರಿದಾಡುತ್ತವೆ.

ವಿಜಯಪುರದ ಮಟ್ಟಿಗೆ ಈ ಕಥೆಗೆ ಇನ್ನೊಂದು ಮುಖವಿದೆ. ಟಾಕೀಸಿನ ಸೂಜಿಯ ಬಗ್ಗೆ ಜನ ಮಾತಾಡಿಕೊಳ್ಳುತ್ತಿದ್ದ ಅದೇ ವರ್ಷಗಳಲ್ಲಿ ಅವಿಭಜಿತ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ನಿಜವಾಗಿಯೂ ಹರಡುತ್ತಿತ್ತು. 1997ರಲ್ಲಿ ಬೇರೆ ಜಿಲ್ಲೆಯಾದ ಬಾಗಲಕೋಟೆಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ನೂರಕ್ಕೆ 2.9 ಮಂದಿಗೆ ಸೋಂಕು ಇದೆಯೆಂದು ಕಂಡುಕೊಂಡಿತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಅದು ಹೆಚ್ಚಿತ್ತು. ಅದು ಹರಡಿದ ದಾರಿ ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ ದಾಟುವುದು. ಸಂಡಾಸದ ಕಲ್ಲಿನಿಂದಾಗಲಿ, ನಲ್ಲಿಯಿಂದಾಗಲಿ, ಚರಿಗೆಯಿಂದಾಗಲಿ ಯಾರಿಗೂ ಅದು ಬರಲಿಲ್ಲ, ಬರುವುದೂ ಇಲ್ಲ. ಆದರೆ ಸೋಂಕಿತರನ್ನು ಜನ ದೂರವಿಟ್ಟದ್ದು ಮೊದಲು ಊಟದ ತಟ್ಟೆಯಿಂದ, ಆಮೇಲೆ ನೀರಿನ ಕೊಡದಿಂದ, ಸಂಡಾಸದಿಂದ. ಅಪಾಯ ಎಲ್ಲಿ ಇಲ್ಲವೋ ಅಲ್ಲಿ ಹುಡುಕಿದ್ದರಿಂದ ಎರಡು ನಷ್ಟವಾದವು: ನಿರಪರಾಧಿಗಳು ನೊಂದರು, ನಿಜವಾದ ಅಪಾಯ ಕಣ್ಣಿಗೆ ಬೀಳದೆ ಉಳಿಯಿತು.

ಶೌಚಾಲಯದ ವಿಷಯದಲ್ಲಿ ಇವತ್ತು ಅದೇ ಆಗುತ್ತಿದೆ. ಬಸ್ ನಿಲ್ದಾಣದ ಶೌಚಾಲಯಕ್ಕೆ ಎರಡು ನಿಮಿಷಕ್ಕೆಂದು ಹೋಗಿ ಬರುವವರಿಗೆ ನಶೆಯ ವಸ್ತುವಿನಿಂದ ಆಗುವ ಅಪಾಯ ಬಹಳ ಚಿಕ್ಕದು. ಅದನ್ನು ದಿನವೂ ತೊಳೆಯುವವರಿಗೆ ಆಗುವ ಅಪಾಯ ದೊಡ್ಡದು. ಬಾಗಿಲು ಹಾಕಿಕೊಂಡು ಒಳಗೆ ಬಿದ್ದವರಿಗೆ ಆಗುವುದು ಎಲ್ಲಕ್ಕಿಂತ ದೊಡ್ಡದು. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಅಷ್ಟೇ, ಆದರೆ ಏಕೆ ಹಾಗೆ ಎಂಬುದನ್ನು ಸೂಜಿಯಿಂದಲೇ ಶುರುಮಾಡಬೇಕು.

ಸಿರಿಂಜಿನ ದಂಡವನ್ನು ಕೊನೆಯವರೆಗೆ ಒತ್ತಿದರೂ ಒಳಗಿನದೆಲ್ಲ ಹೊರಗೆ ಬರುವುದಿಲ್ಲ. ದಂಡದ ತುದಿಗೂ ಸೂಜಿಯ ಬುಡಕ್ಕೂ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ, ಸೂಜಿಯ ಟೊಳ್ಳಿನಲ್ಲಿ ಇನ್ನಿಷ್ಟು. ಸೂಜಿಯನ್ನು ಬಿಚ್ಚಿ ಬದಲಿಸಬಹುದಾದ ಸಾಮಾನ್ಯ ಸಿರಿಂಜಿನಲ್ಲಿ ಹೀಗೆ ಉಳಿಯುವುದು ಸುಮಾರು 84 ಮೈಕ್ರೋಲೀಟರ್, ಅಂದರೆ ಒಂದೂವರೆ ಹನಿಗಿಂತ ತುಸು ಹೆಚ್ಚು. ಸಕ್ಕರೆ ಕಾಯಿಲೆಯವರು ಬಳಸುವ, ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ಅದು ಕೇವಲ 2 ಮೈಕ್ರೋಲೀಟರ್. ಇಷ್ಟು ಸಣ್ಣ ವ್ಯತ್ಯಾಸದಿಂದ ಬಹಳಷ್ಟು ತೀರ್ಮಾನವಾಗುತ್ತದೆ. ನೆಲಕ್ಕೆ ಬಿದ್ದ ರಕ್ತದ ಹನಿ ಬೇಗ ಒಣಗುತ್ತದೆ. ಟೊಳ್ಳಿನೊಳಗಿನ ಹನಿಗೆ ಗಾಳಿ ತಾಗದು, ಬಿಸಿಲು ತಾಗದು. ಅದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಆ ಹನಿಯಲ್ಲಿ ಬದುಕಿರಬಹುದಾದ ವೈರಸ್‌ಗಳಲ್ಲಿ ಮುಖ್ಯವಾದವು ಮೂರು. ಜನ ಹೆದರುವುದು ಎಚ್‌ಐವಿಗೆ, ಆದರೆ ಮೂರರಲ್ಲಿ ಬಲಹೀನವಾದದ್ದು ಅದೇ. ತಂಪಾದ ಜಾಗದಲ್ಲಿಟ್ಟ ಸಿರಿಂಜಿನಲ್ಲಿ ಅದು ಆರು ವಾರಗಳವರೆಗೂ ಉಳಿದದ್ದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಶಾಖ ಏರಿದಂತೆ ಲೆಕ್ಕ ಬೇರೆಯಾಗುತ್ತದೆ. 27ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟ ಸಿರಿಂಜುಗಳಲ್ಲಿ ಜೀವಂತ ವೈರಸ್ ಸಿಕ್ಕಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲು ಈ ಒಂದು ವಿಷಯದಲ್ಲಿ ನಮ್ಮ ಪರವಾಗಿದೆ. ಹೆಪಟೈಟಿಸ್ ಸಿ ಇನ್ನಷ್ಟು ಗಟ್ಟಿ. ದೊಡ್ಡ ಖಾಲಿ ಜಾಗವಿರುವ ಸಿರಿಂಜುಗಳಲ್ಲಿ 63 ದಿನಗಳವರೆಗೆ ಅದು ಬದುಕಿರಬಲ್ಲದೆಂದು 2010ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇನ್ಸುಲಿನ್ ಸಿರಿಂಜುಗಳಲ್ಲಿ ಅದರ ಆಯುಷ್ಯ ಬಹಳ ಕಡಿಮೆ ಇತ್ತು. ಇನ್ನು ಹೆಪಟೈಟಿಸ್ ಬಿ. ಅದಕ್ಕೆ ಟೊಳ್ಳಿನ ಆಸರೆಯೂ ಬೇಕಿಲ್ಲ. ನೆಲದ ಮೇಲೆ ಒಣಗಿದ ರಕ್ತದ ಕಲೆಯಲ್ಲಿಯೂ ಅದು ಕನಿಷ್ಠ ಏಳು ದಿನ ಸೋಂಕು ಹಚ್ಚುವ ಶಕ್ತಿ ಉಳಿಸಿಕೊಳ್ಳುತ್ತದೆ. ಸೋಂಕು ಜೋರಾಗಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಅದರ ಕಣಗಳು ಹತ್ತಾರು ಕೋಟಿ ಇರಬಹುದು.

ಆಸ್ಪತ್ರೆಗಳಲ್ಲಿ ಸೋಂಕಿತರ ತಾಜಾ ರಕ್ತವಿದ್ದ ಸೂಜಿ ಚುಚ್ಚಿಸಿಕೊಂಡ ದಾದಿಯರು, ವೈದ್ಯರ ವಿವರಗಳನ್ನು ದಶಕಗಳ ಕಾಲ ಕಲೆಹಾಕಲಾಗಿದೆ. ಅಂಥ ಸಾವಿರ ಚುಚ್ಚುಗಳಲ್ಲಿ ಎಚ್‌ಐವಿ ತಗುಲುವುದು ಸುಮಾರು ಮೂರರಲ್ಲಿ. ಹೆಪಟೈಟಿಸ್ ಸಿ ಹಳೆಯ ಲೆಕ್ಕದ ಪ್ರಕಾರ ಸಾವಿರಕ್ಕೆ ಹದಿನೆಂಟು, ಹೊಸ ಲೆಕ್ಕಗಳಲ್ಲಿ ಎರಡು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗುಲುವುದು ಸಾವಿರಕ್ಕೆ 60ರಿಂದ 300! ಇದು ತಾಜಾ ರಕ್ತದ ಲೆಕ್ಕ. ಎಲ್ಲೋ ಬಿದ್ದು ಎಷ್ಟೋ ದಿನವಾದ ಸೂಜಿಯಲ್ಲಿ ಎಲ್ಲ ಸಂಖ್ಯೆಗಳೂ ಕೆಳಗಿಳಿಯುತ್ತವೆ. ಆದರೂ ಯಾವುದಕ್ಕೆ ಮೊದಲು ಹೆದರಬೇಕು ಎಂಬ ಸರದಿ ಬದಲಾಗುವುದಿಲ್ಲ. ನಮ್ಮ ಭಯದ ಸರದಿ ಇದಕ್ಕೆ ಸರಿಯಾಗಿ ತಿರುವುಮುರುವು: ಹೆಪಟೈಟಿಸ್ ಬಿ ಯಾರ ಬಾಯಲ್ಲೂ ಇಲ್ಲ. ಈ ಮೂರರಲ್ಲಿ ಲಸಿಕೆ ಇರುವುದು ಅದೊಂದಕ್ಕೇ, ಅದು ಅಗ್ಗವಾಗಿ ಸಿಗುತ್ತದೆ ಕೂಡ.

ಶೌಚಾಲಯದಲ್ಲಿ ಸಿರಿಂಜು ಕಂಡರೆ ‘ಯಾರೋ ನಶೆಯವನು’ ಎಂದುಬಿಡುವುದು ಸುಲಭ. ತಾಳಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಲಕ್ಷಗಟ್ಟಲೆ. ಅಥಣಿ ಕಡೆಯಿಂದಲೋ ಜಮಖಂಡಿ ಕಡೆಯಿಂದಲೋ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕಾದರೆ ಎಲ್ಲಿಗೆ ಹೋಗಬೇಕು? ನಾಲ್ಕು ಜನರ ಮುಂದೆ ಅಂಗಿ ಎತ್ತಲು ಮುಜುಗರ, ಹಾಗಾಗಿ ಶೌಚಾಲಯಕ್ಕೇ ಹೋಗುತ್ತಾರೆ. ಚುಚ್ಚಿಕೊಂಡ ಮೇಲೆ ಸೂಜಿ ಹಾಕಲು ಜಾಗವಿಲ್ಲ, ಕಿಟಕಿಯ ಮೇಲಿಟ್ಟು ಬರುತ್ತಾರೆ. ತಪ್ಪು ಅವರದೆನ್ನುವುದಕ್ಕಿಂತ ಅಲ್ಲಿ ಒಂದು ಡಬ್ಬಿ ಇಡದವರದು.

ಹಾಗೆಂದು ನಶೆಯ ಸೂಜಿ ಇಲ್ಲವೇ ಇಲ್ಲ ಎಂದರೆ ಅದೂ ಸುಳ್ಳು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತುವನ್ನು ಚುಚ್ಚಿಕೊಳ್ಳುತ್ತಾರೆಂದು ಅಂದಾಜು ಮಾಡಿತು. ಪಂಜಾಬ್ ಮತ್ತು ಈಶಾನ್ಯದ ಕೆಲವು ರಾಜ್ಯಗಳಲ್ಲಿ ಈ ಸಮಸ್ಯೆ ಹಳೆಯದು. ನಮ್ಮ ಭಾಗದಲ್ಲಿ ನಶೆ ಎಂದರೆ ಮೊದಲು ಕುಡಿತ, ಆಮೇಲೆ ಗಾಂಜಾ. ಆದರೆ ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಟೆಪೆಂಟಡಾಲ್ ಎಂಬ ನೋವಿನ ಮಾತ್ರೆಯ ದುರ್ಬಳಕೆ ವೈದ್ಯರ, ಪೊಲೀಸರ ಗಮನಕ್ಕೆ ಬಂದಿದೆ. ಅದು ಅಫೀಮಿನಂತೆ ಮಿದುಳಿನ ಮೇಲೆ ಕೆಲಸ ಮಾಡುವ ಔಷಧಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ನುಂಗಲೆಂದು ಮಾಡಿದ ಮಾತ್ರೆಯನ್ನು ರಕ್ತನಾಳಕ್ಕೆ ಏರಿಸಿಕೊಂಡವರ ಶ್ವಾಸಕೋಶದಲ್ಲಿ ಏನಾಗುತ್ತದೆಂದು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಡಿ ನೋಡಿದ್ದಾರೆ. ಮಾತ್ರೆಗೆ ಆಕಾರ ಕೊಡಲು ಸೇರಿಸಿದ ಟಾಲ್ಕ್‌ನಂಥ ಪುಡಿ ಕರಗದೆ ಶ್ವಾಸಕೋಶದ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಸುತ್ತ ಗಂಟು ಕಟ್ಟುತ್ತದೆ, ಉಸಿರು ವರ್ಷ ವರ್ಷಕ್ಕೆ ಕುಗ್ಗುತ್ತದೆ. 2025ರ ಫೆಬ್ರುವರಿಯಲ್ಲಿ, ಟೆಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಕ್ಕೆ ಹೋಗಿ ಅಲ್ಲಿನ ಹುಡುಗರನ್ನು ಹಾಳುಮಾಡುತ್ತಿರುವುದನ್ನು ಬಿಬಿಸಿ ಬಯಲು ಮಾಡಿದ ಮೇಲೆ ಕೇಂದ್ರವು ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಕೊಟ್ಟ ಅನುಮತಿಗಳನ್ನು ಹಿಂದಕ್ಕೆ ಪಡೆಯಿತು.

ಈಗ ಪುಡಿಯ ಭಯ. ಅಮೆರಿಕದಲ್ಲಿ ಫೆಂಟಾನಿಲ್ ಎಂಬ, ಮಾರ್ಫಿನ್‌ಗಿಂತ ನೂರು ಪಟ್ಟು ಬಲವಾದ ಔಷಧಿ ಕಳ್ಳಮಾರುಕಟ್ಟೆಗೆ ಬಂದ ಮೇಲೆ ಮುಟ್ಟಿದ ಮಾತ್ರಕ್ಕೆ ಪೊಲೀಸರು ಪ್ರಜ್ಞೆ ತಪ್ಪಿದರೆಂಬ ಸುದ್ದಿಗಳು ಹಬ್ಬಿದವು. ಬಾಗಿಲ ಹಿಡಿಕೆಯ ಪುಡಿಯ ಕಥೆ ಹುಟ್ಟಿದ್ದು ಅಲ್ಲಿಂದಲೇ. 2017ರಲ್ಲಿ ಅಲ್ಲಿನ ವಿಷವೈದ್ಯರ ಎರಡು ಸಂಸ್ಥೆಗಳು ಕೂಡಿ ಲೆಕ್ಕ ಹಾಕಿದವು. ಚರ್ಮದ ಮೂಲಕ ಇಳಿಯಲೆಂದೇ ತಯಾರಿಸಿದ ಫೆಂಟಾನಿಲ್ ಪಟ್ಟಿಗಳನ್ನು ಎರಡೂ ಅಂಗೈ ತುಂಬ ಅಂಟಿಸಿಕೊಂಡರೂ ದೇಹಕ್ಕೆ 100 ಮೈಕ್ರೋಗ್ರಾಂ ಸೇರಲು 14 ನಿಮಿಷ ಬೇಕು. ಒಣಪುಡಿ ಅದಕ್ಕಿಂತ ಎಷ್ಟೋ ನಿಧಾನ. ಪುಡಿ ತಯಾರಿಸುವ ಕಾರ್ಖಾನೆಯ ಅತಿ ಕೆಟ್ಟ ಗಾಳಿಯಲ್ಲಿ ಮುಖಗವಸಿಲ್ಲದೆ ನಿಂತರೂ ಅಷ್ಟು ಒಳಹೋಗಲು 200 ನಿಮಿಷ. ಚರ್ಮ ಇಂಥ ವಸ್ತುಗಳನ್ನು ಒಳಗೆ ಬಿಟ್ಟುಕೊಳ್ಳುವ ಜರಡಿಯಲ್ಲ. ಅದರ ಹೊರಪದರದ ಸತ್ತ ಕೋಶಗಳ ನಡುವೆ ಕೊಬ್ಬು ತುಂಬಿದೆ, ಒಣಪುಡಿ ಅದನ್ನು ದಾಟಬೇಕಾದರೆ ಮೊದಲು ಕರಗಬೇಕು, ಬಹಳ ಹೊತ್ತು ಅಲ್ಲೇ ಅಂಟಿಕೊಂಡಿರಬೇಕು. ಅಷ್ಟರಲ್ಲಿ ನಾವು ಕೈ ತೊಳೆದಿರುತ್ತೇವೆ.

ಕೈ ತೊಳೆಯುವುದೂ ಸೋಪು ನೀರಿನಿಂದಲೇ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಪುಡಿಯನ್ನು ತೆಗೆಯದೆ ಕರಗಿಸಿ ಚರ್ಮಕ್ಕೆ ಇನ್ನಷ್ಟು ಹಚ್ಚುವ ಸಾಧ್ಯತೆಯಿದೆ. ಗೊತ್ತಿಲ್ಲದ ಪುಡಿ ಬಿದ್ದಿದ್ದರೆ ಒಣ ಕಸಬರಿಗೆಯಿಂದ ಗುಡಿಸಿ ಗಾಳಿಗೆ ಎಬ್ಬಿಸಬಾರದು, ಮೂಸಿ ನೋಡಬಾರದು. ನಮ್ಮ ಶೌಚಾಲಯಗಳಲ್ಲಿ ಕಾಣುವ ಬಿಳಿಪುಡಿ ಬಹುಪಾಲು ಬ್ಲೀಚಿಂಗ್ ಪೌಡರ್ ಇಲ್ಲವೇ ಸುಣ್ಣ. ಪೊಟ್ಟಣವೋ ಗುಳಿಗೆಯೋ ಸಿಕ್ಕರೆ ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ತರಬೇಡಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಂಥದ್ದು ಕೈಯಲ್ಲಿರುವುದೇ ತೊಂದರೆ. ಅಲ್ಲೇ ಬಿಟ್ಟು, ಬಾಗಿಲು ಮುಂದೆ ಮಾಡಿ 112ಕ್ಕೆ ತಿಳಿಸುವುದು ಸರಿ.

ಬ್ಲೀಚಿಂಗ್ ಪೌಡರಿನ ಮಾತು ಬಂತು. ನನ್ನ ತೂಕದಲ್ಲಿ, ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರು ಊರುಗಳ ಶೌಚಾಲಯಗಳಲ್ಲಿ ಪ್ರತಿ ದಿನವೂ ಎದುರಾಗಬಹುದಾದ ರಾಸಾಯನಿಕ ಅಪಾಯ ಯಾವ ಮಾದಕ ಪುಡಿಯೂ ಅಲ್ಲ, ತೊಳೆಯುವ ಬಕೆಟ್ಟು.

ವಿಜಯಪುರ ನೀರಿಗಾಗಿ ಕಷ್ಟಪಟ್ಟ ಊರು. ಆದಿಲ್‌ಶಾಹಿಗಳು ತೊರವಿಯಿಂದ ನೆಲದಡಿಯ ಸುರಂಗದಲ್ಲಿ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದರು. ಡೋಣಿ ಕಣಿವೆಯ ನೀರು ಉಪ್ಪುಪ್ಪು, ಬೋರ್‌ವೆಲ್ ನೀರು ಗಡಸು. ಗಡಸು ನೀರು ಹರಿದಲ್ಲೆಲ್ಲ ಬಿಳಿ–ಹಳದಿ ಪೊರೆ ಕಟ್ಟುತ್ತದೆ. ಅದು ಸುಣ್ಣದ ಕಲ್ಲಿನ ಜಾತಿಯ ವಸ್ತು, ಸೋಪಿಗೆ ಜಗ್ಗುವುದಿಲ್ಲ, ಆ್ಯಸಿಡ್ಡಿಗೆ ಮಾತ್ರ ಕರಗುತ್ತದೆ. ಹಾಗಾಗಿ ಸಂಡಾಸ ತೊಳೆಯುವವರ ಕೈಯಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುವ ಬಾಟಲಿ ಬಂದೇ ಬರುತ್ತದೆ. ಇನ್ನೊಂದು ಕೈಯಲ್ಲಿ ಬ್ಲೀಚಿಂಗ್ ಪೌಡರ್. ಎರಡೂ ಒಂದೇ ಗುಂಡಿಯಲ್ಲಿ ಸೇರಿದ ಕ್ಷಣ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೇನೆ ಎದುರಾಳಿಯ ಕಂದಕಗಳಿಗೆ ಹರಿಸಿದ್ದು ಇದೇ ಅನಿಲವನ್ನು. ಕಂದಕಕ್ಕೇ ಅದು ಇಳಿದದ್ದೇಕೆಂದರೆ ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಕಲ್ಲು ಉಜ್ಜುವ ಹೆಣ್ಣುಮಗಳ ಮುಖ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ನೋಡಿ. ನಿಂತು ಪರಿಶೀಲಿಸುವ ಮೇಲ್ವಿಚಾರಕನಿಗೆ ಬರೀ ಘಾಟು ಎನಿಸಿದ್ದು ಆಕೆಯ ಶ್ವಾಸಕೋಶದ ಒಳಪದರವನ್ನು ಸುಡುತ್ತಿರಬಹುದು. ಕ್ಲೋರಿನ್ ಅಲ್ಲಿನ ತೇವದೊಡನೆ ಸೇರಿ ಆ್ಯಸಿಡ್ ಆಗುತ್ತದೆ. ಕೆಮ್ಮು, ಎದೆ ಬಿಗಿತ ತಕ್ಷಣ ಬರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಆಗಬಹುದು. ಆದ್ದರಿಂದ ‘ಈಗ ಆರಾಮ ಐತಿ’ ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಂಡಸರ ಮೂತ್ರಾಲಯದಲ್ಲಿ ಇದಕ್ಕೊಂದು ತಮ್ಮನಿದ್ದಾನೆ. ಹಳಸಿದ ಮೂತ್ರದ ಅಮೋನಿಯದ ಮೇಲೆ ಬ್ಲೀಚ್ ಸುರಿದರೆ ಕ್ಲೋರಮೈನ್‌ಗಳು ಏಳುತ್ತವೆ, ಕಣ್ಣುರಿ, ಉಸಿರುಕಟ್ಟು. ಮೊದಲು ಬರೀ ನೀರು ಧಾರಾಳವಾಗಿ ಹೊಡೆದು ತೊಳೆದರೆ ಈ ತೊಂದರೆ ಇಲ್ಲ. ಆ್ಯಸಿಡ್ ಒಂದು ದಿನ, ಬ್ಲೀಚ್ ಇನ್ನೊಂದು ದಿನ, ನಡುವೆ ನೀರು. ಗೋಡೆಯ ಮೇಲೆ ಇಷ್ಟು ಬರೆದು ಹಾಕಿದರೆ, ಓದಲು ಬಾರದವರಿಗೆ ಒಮ್ಮೆ ಕೂರಿಸಿ ಹೇಳಿದರೆ ಸಾಕು.

ರಕ್ತ ಕಂಡಾಗ ಬ್ಲೀಚಿಂಗ್ ಪೌಡರ್ ಬೇಕೇ ಬೇಕು. ಆದರೆ ಅದರ ಕೆಲಸ ನಾವು ಅಂದುಕೊಂಡಷ್ಟು ನೇರವಲ್ಲ. ಕ್ಲೋರಿನ್‌ಗೆ ವೈರಸ್ ಯಾವುದು, ಕೆಸರು ಯಾವುದು ಎಂಬ ಭೇದ ತಿಳಿಯದು, ಎದುರಿಗೆ ಸಿಕ್ಕ ಸಾವಯವ ವಸ್ತುವಿನ ಮೇಲೆಲ್ಲ ತನ್ನ ಶಕ್ತಿ ಖರ್ಚು ಮಾಡುತ್ತದೆ. ಗಟ್ಟಿಯಾಗಿ ನಿಂತ ರಕ್ತದ ಮೇಲೆ ಸುರಿದರೆ ಮೇಲ್ಪದರದಲ್ಲೇ ಅದು ಮುಗಿದುಹೋಗುತ್ತದೆ. ಆದ್ದರಿಂದ ಹಳೆ ಬಟ್ಟೆಯಿಂದ ರಕ್ತವನ್ನು ಮುಚ್ಚಿ, ಹೀರಿಸಿ, ಅದರ ಮೇಲೆ ನೂರಕ್ಕೆ ಒಂದರಷ್ಟು ಕ್ಲೋರಿನ್ ಇರುವ ದ್ರಾವಣ ಹೊಯ್ದು, ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷವೇ ನಿಜವಾದ ಶುದ್ಧಿ, ಹೊಯ್ದ ಕೂಡಲೇ ಒರೆಸಿಬಿಟ್ಟರೆ ಆದದ್ದು ಬರೀ ವಾಸನೆ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 30ರಿಂದ 35ರಷ್ಟು ಕ್ಲೋರಿನ್ ಇರುತ್ತದೆ, ಹಾಗಾಗಿ ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ. ಬಾಯಿ ತೆರೆದ ಚೀಲವನ್ನು ವಿಜಯಪುರದ ಬೇಸಿಗೆಯಲ್ಲಿ ತಗಡಿನ ಕೋಣೆಯಲ್ಲಿಟ್ಟರೆ ಕ್ಲೋರಿನ್ ವಾರಗಳಲ್ಲೇ ಹಾರಿಹೋಗಿ ಸುಣ್ಣದ ಪುಡಿ ಉಳಿಯುತ್ತದೆ. ವೈರಸ್ಸಿಗೆ ಕೆಟ್ಟದಾದ ಬಿಸಿಲು ಬ್ಲೀಚಿಗೂ ಕೆಟ್ಟದ್ದೇ. ಮುಚ್ಚಳ ಬಿಗಿದ ಡಬ್ಬಿ, ನೆರಳು, ದಿನವೂ ಹೊಸದಾಗಿ ಕದಡಿದ ದ್ರಾವಣ, ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಮುಚ್ಚಿದ ಬಾಗಿಲು. ಅಫೀಮಿನ ಜಾತಿಯ ಔಷಧಿಗಳು ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮಂಕಾಗಿಸುತ್ತವೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದಾಗ ‘ಉಸಿರಾಡು’ ಎಂದು ಒತ್ತಾಯಿಸುವ ವ್ಯವಸ್ಥೆಯೇ ಸುಮ್ಮನಾಗುತ್ತದೆ. ಮನುಷ್ಯ ನರಳುವುದಿಲ್ಲ, ಕೂಗುವುದಿಲ್ಲ. ನಿಮಿಷಕ್ಕೆ ಹದಿನೈದು ಸಲ ಆಡುತ್ತಿದ್ದ ಉಸಿರು ಎಂಟಕ್ಕೆ, ನಾಲ್ಕಕ್ಕೆ ಇಳಿದು ನಿಲ್ಲುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಹೊರಗಿನವರು ‘ಯಾರೋ ಒಳಗೆ ಕೂತಿದ್ದಾರೆ’ ಎಂದುಕೊಂಡು ಪಕ್ಕದ ಬಾಗಿಲಿಗೆ ಹೋಗುತ್ತಾರೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಮನೆಯಿಲ್ಲದವರಿಗಾಗಿ ನಡೆಯುವ ಆರೋಗ್ಯ ಕೇಂದ್ರವೊಂದು ಶೌಚಾಲಯದ ಚಾವಣಿಗೆ ಸೆನ್ಸರ್ ಹಾಕಿತು. ಒಳಗಿದ್ದವರ ಚಲನೆ ಸುಮಾರು ಮೂರು ನಿಮಿಷ ನಿಂತರೆ ಅದು ದೀಪ ಬೆಳಗಿಸಿ ಸಿಬ್ಬಂದಿಯನ್ನು ಕರೆಯುತ್ತದೆ. ನಲೊಕ್ಸೋನ್ ಎಂಬ ಔಷಧಿ ಮಿದುಳಿನ ಅದೇ ಗ್ರಾಹಕಗಳಿಂದ ಅಫೀಮಿನ ಅಣುವನ್ನು ತಳ್ಳಿ ತಾನು ಕೂತುಬಿಡುತ್ತದೆ, ಉಸಿರು ನಿಮಿಷಗಳಲ್ಲಿ ಮರಳುತ್ತದೆ. ಅದು ನಮ್ಮಲ್ಲೂ ಚುಚ್ಚುಮದ್ದಾಗಿ ಸಿಗುತ್ತದೆ, ಕೊಡಬೇಕಾದವರು ವೈದ್ಯಕೀಯ ತರಬೇತಿ ಇದ್ದವರು.

ತಿಕೋಟಾ, ಬಬಲೇಶ್ವರಗಳಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ, ಅದು ಬಾಸ್ಟನ್ ವೈದ್ಯರ ತಲೆಗೆ ಬರುವಂಥದ್ದಲ್ಲ. ಇದು ದ್ರಾಕ್ಷಿಯ ಸೀಮೆ. ತೋಟಕ್ಕೆ ಔಷಧಿ ಹೊಡೆದು ನಿಲ್ದಾಣಕ್ಕೆ ಬಂದವನೊಬ್ಬ ಸಂಡಾಸದಲ್ಲಿ ಕುಸಿದನೆನ್ನಿ. ಸಾವಯವ ರಂಜಕದ ಕೀಟನಾಶಕ ಮೈಗೇರಿದರೂ ಕಣ್ಣಿನ ಪಾಪೆ ಸೂಜಿಮೊನೆಯಾಗುತ್ತದೆ! ವ್ಯತ್ಯಾಸ ಇರುವುದು ಉಳಿದ ಲಕ್ಷಣಗಳಲ್ಲಿ: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ, ಸ್ನಾಯುಗಳ ಅದುರು. ಅದಕ್ಕೆ ಬೇಕಾದ ಮದ್ದು ಅಟ್ರೋಪಿನ್, ನಲೊಕ್ಸೋನ್ ಅಲ್ಲ. ಇನ್ನೊಂದು ಇದೆ. ದ್ರಾಕ್ಷಿ ಬಳ್ಳಿ ಸವರುವ ಚಾಟನಿಯ ನಂತರ ಅದರ ಕಣ್ಣುಗಳು ಒಟ್ಟಿಗೆ ಚಿಗುರಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್, ಯಕೃತ್ತು ಆಲ್ಕೋಹಾಲನ್ನು ಕರಗಿಸುವ ಎರಡನೇ ಹಂತವನ್ನು ತಡೆಯುತ್ತದೆ. ಅದನ್ನು ಮುಟ್ಟಿದ ದಿನ ಸಂಜೆ ಒಂದು ಗುಟುಕು ಹಾಕಿದರೂ ಅಸಿಟಾಲ್ಡಿಹೈಡ್ ಮೈಯಲ್ಲಿ ತುಂಬಿ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇದೇ ಗುಣಕ್ಕಾಗಿ ಸಯನಮೈಡಿನ ಬಳಗದ ಔಷಧಿಯನ್ನು ಕೆಲವು ದೇಶಗಳಲ್ಲಿ ಕುಡಿತ ಬಿಡಿಸಲು ಬಳಸಿದ್ದಾರೆ. ನೋಡುವವರ ಕಣ್ಣಿಗೆ ಇವರೆಲ್ಲ ‘ಕುಡಿದು ಬಿದ್ದವರು’. ಆ ತೀರ್ಪು ಕೊಡಲು ನಮಗೆ ಅರ್ಹತೆಯಿಲ್ಲ. ಬಾಗಿಲು ಬಡಿದು ಉತ್ತರ ಬರದಿದ್ದರೆ ತೆರೆಸಬೇಕು, ಮಗ್ಗುಲಿಗೆ ಮಲಗಿಸಬೇಕು, 108ಕ್ಕೆ ಕರೆ ಮಾಡಬೇಕು, ತೋಟದಲ್ಲಿ ಏನು ಹೊಡೆದರೆಂಬುದು ಗೊತ್ತಿದ್ದರೆ ವೈದ್ಯರಿಗೆ ಹೇಳಬೇಕು. ಹೊಸ ಶೌಚಾಲಯ ಕಟ್ಟುವವರಿಗೆ ಒಂದು ಮಾತು: ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವನ ಮೈಯೇ ಅಗುಳಿಯಾಗುತ್ತದೆ.

ನಶೆಯವರನ್ನು ಓಡಿಸಲು ಹಲವು ದೇಶಗಳು ಒಂದು ಉಪಾಯ ಮಾಡಿದವು, ಶೌಚಾಲಯಕ್ಕೆ ನೀಲಿ ದೀಪ. ಅದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ಚರ್ಮದಡಿಯ ನಾಳ ನಮಗೆ ಕಾಣುವುದು ಕೆಂಪು ಬೆಳಕು ಆಳಕ್ಕೆ ಇಳಿದು, ನಾಳದಲ್ಲಿನ ರಕ್ತ ಅದರ ಒಂದು ಪಾಲನ್ನು ನುಂಗಿ, ಸುತ್ತಲಿನ ಚರ್ಮ ಹಿಂದಕ್ಕೆ ಕಳಿಸುವುದರಿಂದ. ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ನಾಳ ಮಾಯವಾಗುತ್ತದೆ. ಆದರೆ ಕೆನಡಾದಲ್ಲಿ ಸಂಶೋಧಕರು ಚುಚ್ಚಿಕೊಳ್ಳುವವರನ್ನೇ ಕೇಳಿ 2013ರಲ್ಲಿ ಪ್ರಕಟಿಸಿದ ಉತ್ತರ ಬೇರೆ: ಚಟದ ಒತ್ತಡ ಇರುವವರು ನೀಲಿ ಬೆಳಕಿಗೆ ನಿಲ್ಲುವುದಿಲ್ಲ, ಕಾಣದೆಯೇ ಚುಚ್ಚಿಕೊಂಡು ಹೆಚ್ಚು ಗಾಯ ಮಾಡಿಕೊಳ್ಳುತ್ತಾರೆ. ತೊಳೆಯುವವರಿಗೆ ಅಲ್ಲಿ ಕೆಂಪು ರಕ್ತ ಕಪ್ಪಾಗಿ ಕಾಣುತ್ತದೆ, ಮೂಲೆಯ ಸೂಜಿ ಕಾಣುವುದೇ ಇಲ್ಲ. ಕಣ್ಣು ಮಂಜಾದ ಅಜ್ಜಿಯೊಬ್ಬಳು ಜಾರಿ ಬೀಳುತ್ತಾಳೆ. ಪ್ರಖರವಾದ ಬಿಳಿ ದೀಪವೇ ಉತ್ತಮ.

ಬೀಗ ಹಾಕುವುದು ಇನ್ನೂ ಕೆಟ್ಟ ಉಪಾಯ. ಬೀಗ ಬಿದ್ದ ಮಹಿಳಾ ಶೌಚಾಲಯದ ಮುಂದೆ ನಿಂತವಳು ದಿನವಿಡೀ ನೀರು ಕುಡಿಯದೆ ಇರುತ್ತಾಳೆ, ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆ. ಸೂಜಿ ಮಾತ್ರ ಗೋಡೆಯ ಹಿಂದಕ್ಕೆ, ಮಕ್ಕಳು ಆಡುವ ಬಯಲಿಗೆ ಹೋಗುತ್ತದೆ. ಸೋಪಿನ ಡಬ್ಬಿಗೆ ಏನಾದರೂ ಬೆರೆಸುವುದು, ನಲ್ಲಿ ಕೀಳುವುದು, ಕಿಟಕಿಯಲ್ಲಿ ಏನಾದರೂ ಅಡಗಿಸುವುದು, ಇಂಥ ಕಿಡಿಗೇಡಿತನವನ್ನು ತಡೆಯುವುದು ಬಾಗಿಲಲ್ಲಿ ಕೂತ ಒಬ್ಬ ಮನುಷ್ಯ ಮತ್ತು ಗಂಟೆಗೊಮ್ಮೆ ಒಳಗೆ ಹೋಗಿ ಬರುವ ರೂಢಿ.

ಆಸ್ಟ್ರೇಲಿಯದಲ್ಲಿ ಸಾರ್ವಜನಿಕ ಶೌಚಾಲಯದ ಗೋಡೆಗೆ ಸೂಜಿ ಹಾಕುವ ಗಟ್ಟಿ ಡಬ್ಬಿ ಇರುವುದು ಮಾಮೂಲಿ ಸಂಗತಿ. ಇನ್ಸುಲಿನ್‌ನವರೂ ಹಾಕುತ್ತಾರೆ, ಇತರರೂ ಹಾಕುತ್ತಾರೆ, ಯಾರೂ ಕೇಳುವುದಿಲ್ಲ. ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಗಳಿಗೆ ಚುಚ್ಚದ, ಸೋರದ, ಬಿಳಿ ಡಬ್ಬಿಯನ್ನು ಕಡ್ಡಾಯ ಮಾಡಿವೆ. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ–ಸಿರಿಂಜುಗಳನ್ನು ‘ಗೃಹ ಅಪಾಯಕಾರಿ ತ್ಯಾಜ್ಯ’ ಎಂದು ಬೇರೆಯಾಗಿ ಸಂಗ್ರಹಿಸಲು ಹೇಳಿದವು. ಅಂದರೆ ವಿಜಯಪುರದ ಮಹಾನಗರ ಪಾಲಿಕೆಯಾಗಲಿ, ತಿಕೋಟಾ–ಬಬಲೇಶ್ವರದ ಸ್ಥಳೀಯ ಆಡಳಿತವಾಗಲಿ ಗೋಡೆಗೆ ಒಂದು ಡಬ್ಬಿ ಹೊಡೆಯಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಚಟದವರಿಗೆ ಶುದ್ಧ ಸೂಜಿ ಕೊಡುವಂಥ, ಎಚ್‌ಐವಿ ತಡೆಯುವ ಕೆಲಸಗಳನ್ನು 2017ರ ಎಚ್‌ಐವಿ ಕಾಯ್ದೆ ಅಪರಾಧವಲ್ಲವೆಂದು ಕಾಪಾಡುತ್ತದೆ. ಚಿಕಿತ್ಸೆಗೆ ತಾವಾಗಿ ಮುಂದೆ ಬರುವ ವ್ಯಸನಿಗಳಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಡಬ್ಬಿಯ ಮೇಲೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಎಂದು ಬರೆದರೆ, ಒಂಟಿಯಾಗಿ ಬಾಗಿಲು ಹಾಕಿಕೊಂಡವನ ಕಣ್ಣಿಗೆ ಬೀಳುವ ಜಾಗ ಅದಕ್ಕಿಂತ ಬೇರೊಂದಿಲ್ಲ.

ಡಬ್ಬಿ ಬರುವವರೆಗೆ, ಸೂಜಿ ಕಂಡರೆ ಕೈಯಿಂದ ಹಿಡಿಯದೆ ಇಕ್ಕಳದಿಂದ ಎತ್ತಿ, ಟೊಪ್ಪಿಗೆ ಹಾಕಲು ಹೋಗದೆ, ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಡಬ್ಬಿಯನ್ನು ನೆಲದಲ್ಲಿಟ್ಟು ಸೂಜಿಯನ್ನು ಅದರತ್ತ ಒಯ್ಯಬೇಕು, ಡಬ್ಬಿ ಹಿಡಿದ ಕೈಗೆ ಚುಚ್ಚುವುದೇ ಹೆಚ್ಚು. ಚುಚ್ಚಿತೆನ್ನಿ: ಬೆರಳನ್ನು ಹಿಂಡಬೇಡಿ, ಬಾಯಲ್ಲಿ ಹೀರಬೇಡಿ, ಬ್ಲೀಚ್ ಸುರಿಯಬೇಡಿ. ಸೋಪು ನೀರಿನಿಂದ ತೊಳೆದು ನೇರ ಜಿಲ್ಲಾಸ್ಪತ್ರೆಗೆ ಹೊರಡಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ, 28 ದಿನ ತಪ್ಪದೆ ನುಂಗಬೇಕು. ತಿಕೋಟಾದಿಂದಲೂ ಬಬಲೇಶ್ವರದಿಂದಲೂ ವಿಜಯಪುರ ಒಂದು ಗಂಟೆಯೊಳಗಿನ ದಾರಿ. ‘ಪಾಳಿ ಮುಗಿಸಿ ಹೋಗು’ ಎನ್ನುವ ಮೇಲ್ವಿಚಾರಕ ಆ ಎರಡು ಗಂಟೆಯನ್ನು ಕಸಿದುಕೊಳ್ಳುತ್ತಾನೆ. ಹೆಪಟೈಟಿಸ್ ಸಿ ತಗುಲಿದರೂ ಈಗ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ಪೂರ್ತಿ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದು ಉಚಿತ.

ಉಳಿದದ್ದು ಹೆಪಟೈಟಿಸ್ ಬಿ. ದೇಶದ ಎಲ್ಲ ಮಕ್ಕಳಿಗೂ ಅದರ ಲಸಿಕೆ ಸಿಗತೊಡಗಿದ್ದು 2011ರ ಹೊತ್ತಿಗೆ. ಇಂದು ಪೊರಕೆ ಹಿಡಿದಿರುವ ಪೌರಕಾರ್ಮಿಕರೆಲ್ಲ ಅದಕ್ಕಿಂತ ಎಷ್ಟೋ ಮೊದಲು ಹುಟ್ಟಿದವರು, ಯಾರಾದರೂ ಮುಂದೆ ನಿಂತು ಹಾಕಿಸದಿದ್ದರೆ ಅವರಿಗೆ ಅದು ಸಿಕ್ಕಿರುವುದಿಲ್ಲ. ಮೂರು ಡೋಸು: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಶೌಚಾಲಯದ ಗುತ್ತಿಗೆ ಕೊಡುವ ಅಧಿಕಾರಿಗಳು ಕರಾರಿನಲ್ಲಿ ಫಿನೈಲು, ಪೊರಕೆಯ ಲೆಕ್ಕದ ಜೊತೆಗೆ ಈ ಮೂರು ಡೋಸನ್ನೂ ಬರೆಸಲಿ, ಮೊದಲ ಡೋಸು ಕೆಲಸಕ್ಕೆ ಸೇರಿದ ದಿನವೇ ಆಗಲಿ.